ಗ್ರಾಮಸಭೆಯಲ್ಲಿ ನಮ್ಮ ಮಾತು



ಒಂಬತ್ತನೆಯ ತರಗತಿಯಲ್ಲಿ ಅರ್ಜಿ ಬರೆಯುವ ಪಾಠ ನಡೆದಿತ್ತು. 'ಇವರಿಂದ', 'ಇವರಿಗೆ', 'ವಿಷಯ', 'ಮಾನ್ಯರೇ', ಕೊನೆಗೆ 'ತಮ್ಮ ವಿಶ್ವಾಸಿ' ಎಂಬ ಕ್ರಮವನ್ನು ಕಪ್ಪುಹಲಗೆಯ ಮೇಲೆ ಬರೆದು, ನಿಮ್ಮ ಓಣಿಯ ನಳದಲ್ಲಿ ನೀರು ಬರುತ್ತಿಲ್ಲವೆಂದು ಅಧಿಕಾರಿಗಳಿಗೊಂದು ಅರ್ಜಿ ಬರೆಯಿರೆಂದು ಹೇಳಿದೆ. ಎಲ್ಲರೂ ಬರೆಯತೊಡಗಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಪೆನ್ನು ಹಿಡಿದು ಸುಮ್ಮನೆ ಕುಳಿತಿದ್ದಳು. ಏಕೆಂದು ಕೇಳಿದೆ.

"ಸಾರ್, ನಮ್ಮ ಮಂಡಲದ ಆಫೀಸಿನಾಗ ಕನ್ನಡ ಯಾರು ಓದ್ತಾರ? ಮಾರ್ಕ್ಸಿಗೆ ಬರೀಬೇಕೋ, ನೀರಿಗೆ ಬರೀಬೇಕೋ?" ಎಂದಳು.

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷಗಳಿಂದ ಈ ಪಾಠವನ್ನು ಹೇಳುತ್ತಿದ್ದೇನೆ. ಅರ್ಜಿಯ ಬಲಬದಿಯಲ್ಲಿ ಏನು, ಎಡಬದಿಯಲ್ಲಿ ಏನು ಎಂದು ತಿದ್ದಿದ್ದೇನೆ. ಆದರೆ ಆ ಅರ್ಜಿ ಆದವಾನಿಯ ಕಡೆಯ ಯಾವ ಮೇಜಿನ ಮೇಲೆ ಹೋಗಿ ಕುಳಿತುಕೊಳ್ಳುತ್ತದೆಂಬುದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ನಾಳೆ ಉತ್ತರ ಹೇಳುತ್ತೇನೆಂದೆ. ನಾಳೆಗೆ ಆಗಲಿಲ್ಲ. ಪುಸ್ತಕಗಳನ್ನು ನೋಡಿ, ತಿಳಿದವರನ್ನು ಕೇಳಿ, ಈಗ ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು, ಕನ್ನಡ ಮಾತನಾಡುವ ನಾವು ಕರ್ನೂಲು ಜಿಲ್ಲೆಯಲ್ಲಿ ಏಕಿದ್ದೇವೆ ಎಂಬುದು ತಿಳಿದಿರಬೇಕು. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಬಿಟ್ಟುಕೊಟ್ಟದ್ದರಿಂದಲೇ ಇದಕ್ಕೆ ದತ್ತ ಮಂಡಲವೆಂಬ ಹೆಸರು ಬಂದಿತು. ಮೊದಲ ಪ್ರಧಾನ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಮಧ್ಯವರ್ತಿ ಜಮೀನ್ದಾರರನ್ನು ಬದಿಗಿಟ್ಟು ನೇರವಾಗಿ ಒಬ್ಬೊಬ್ಬ ರೈತನೊಡನೆ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಈ ನೆಲದಲ್ಲಿ ಬೆಳೆಸಿದವನು ಅವನೇ. ಮುಂದೆ ಮದರಾಸಿನ ಗವರ್ನರನಾಗಿ, ತನ್ನ ಹಳೆಯ ಸೀಮೆಯನ್ನು ನೋಡಲು ಬಂದಾಗ, 1827ರಲ್ಲಿ ನಮ್ಮ ಪಕ್ಕದ ಪತ್ತಿಕೊಂಡದಲ್ಲಿಯೇ ಕಾಲರಾ ತಗಲಿ ತೀರಿಕೊಂಡನು. ಪರದೇಶದವನಾದರೂ ಊರೂರು ತಿರುಗಿ ರೈತರ ಅಹವಾಲು ಕೇಳಿದನೆಂದು ಹಿರಿಯರು ಹೇಳುವುದುಂಟು. ಆದರೆ ಕಂದಾಯವನ್ನೂ ಅವನೇ ಗೊತ್ತುಮಾಡುತ್ತಿದ್ದನೆಂಬುದನ್ನು ನಾವು ಮರೆಯಬಾರದು. ಕೇಳಿಸಿಕೊಳ್ಳುವವನು ಬೇರೆ, ತೀರ್ಮಾನದಲ್ಲಿ ಪಾಲು ಕೊಡುವವನು ಬೇರೆ.

1808ರಲ್ಲಿ ದತ್ತ ಮಂಡಲವನ್ನು ಒಡೆದು ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆ ಮಾಡಿದರು. ಅಲ್ಲಿಂದ 1953ರವರೆಗೆ ಆದವಾನಿ, ಆಲೂರುಗಳು ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದುವು. ನಮ್ಮ ಅಜ್ಜಂದಿರು ಇಂದಿಗೂ ಆಸ್ಪತ್ರೆಗೆ, ಮದುವೆಯ ಜವಳಿಗೆ ಬಳ್ಳಾರಿಯ ಕಡೆಗೇ ಮುಖ ಮಾಡುವುದು ಈ ನೂರೈವತ್ತು ವರ್ಷಗಳ ಅಭ್ಯಾಸದಿಂದ.

1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಪ್ರಾಣ ಬಿಟ್ಟರು. ಕೆಲವೇ ದಿನಗಳಲ್ಲಿ ಪ್ರಧಾನಿ ನೆಹರೂ ಅವರು ಆಂಧ್ರ ರಾಜ್ಯವನ್ನು ರಚಿಸುವುದಾಗಿ ಹೇಳಿದರು. ಬಳ್ಳಾರಿ ಜಿಲ್ಲೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ನ್ಯಾಯಮೂರ್ತಿ ವಾಂಛೂ ಅವರ ವರದಿಯ ನಂತರ, 1953ರ ಮಾರ್ಚ್ 25ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ, ಉಳಿದ ಹೆಚ್ಚಿನ ತಾಲ್ಲೂಕುಗಳು ಮೈಸೂರಿಗೆ ಎಂದು ಪ್ರಕಟವಾಯಿತು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ಮಾತ್ರ ವಿವಾದ ಉಳಿಯಿತು. ಅದಕ್ಕಾಗಿ ಹೈದರಾಬಾದ್ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಲ್. ಎಸ್. ಮಿಶ್ರ ಅವರನ್ನು ನೇಮಿಸಿದರು. ಅವರು ವಿಚಾರಣೆ ನಡೆಸಿ ಕೊಟ್ಟ ವರದಿಯ ಮೇಲೆ ಬಳ್ಳಾರಿ ತಾಲ್ಲೂಕು ಮೈಸೂರಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಗೂ ರಾಯದುರ್ಗವು ಅನಂತಪುರ ಜಿಲ್ಲೆಗೂ ಸೇರಿದುವು.

ಇಲ್ಲಿ ಒಂದು ಸೂಕ್ಷ್ಮವಿದೆ; ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಬಳ್ಳಾರಿ ತಾಲ್ಲೂಕಿಗೆ ಒಬ್ಬ ನ್ಯಾಯಮೂರ್ತಿ ಬಂದು ವಿಚಾರಿಸಿದರು. ನಮ್ಮ ಮೂರು ತಾಲ್ಲೂಕುಗಳಿಗೆ ಅಂಥ ಬೇರೆ ವಿಚಾರಣೆ ನಡೆಯಲಿಲ್ಲ. ಇಡೀ ತಾಲ್ಲೂಕನ್ನು ಒಂದು ಘಟಕವೆಂದು ಹಿಡಿದುದರಿಂದ, ಅದರೊಳಗಿನ ಒಂದು ಹೋಬಳಿಯಲ್ಲೋ ಹಳ್ಳಿಯಲ್ಲೋ ಯಾವ ಮಾತು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಕೆಲವೇ ವರ್ಷಗಳ ಮೇಲೆ ಆಂಧ್ರ ಮತ್ತು ಮದರಾಸುಗಳ ನಡುವೆ ಗಡಿ ಗೊತ್ತುಮಾಡುವಾಗ ಪಾಟಸ್ಕರ್ ಅವರು ಹಳ್ಳಿಯನ್ನೇ ಘಟಕವಾಗಿ ಹಿಡಿದರು. 1960ರಲ್ಲಿ ಅದರಂತೆ ಹಳ್ಳಿಗಳು ಆ ಕಡೆಗೂ ಈ ಕಡೆಗೂ ಬದಲಾದುವು. ಅಳತೆಗೋಲು ಯಾವುದೆಂಬುದರ ಮೇಲೆ ಯಾರ ದನಿ ಕೇಳಿಸುತ್ತದೆಂಬುದು ನಿಂತಿರುತ್ತದೆ.

ಗಡಿಯ ಗೆರೆಯನ್ನು ಅಳಿಸಿ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಎಪ್ಪತ್ತು ವರ್ಷಗಳಾಗಿವೆ. ತೆಲುಗು ನನ್ನ ಎರಡನೆಯ ಕಲಿಕೆಯ ಭಾಷೆ. ನನ್ನ ಅರ್ಧ ಶಾಲೆ ತೆಲುಗಿನಲ್ಲಿ ಆಯಿತು. ಆ ಭಾಷೆಯ ಋಣ ನನ್ನ ಮೇಲಿದೆ. ಗೆರೆಯನ್ನು ಎಲ್ಲಿ ಎಳೆದರೂ ಆಚೆಗೆ ಕೆಲವರು ಉಳಿದೇ ಉಳಿಯುತ್ತಾರೆ. ಪಾವಗಡ, ಬಾಗೇಪಲ್ಲಿಗಳಲ್ಲಿ ತೆಲುಗು ಮನೆಮಾತಿನವರು ಕರ್ನಾಟಕದಲ್ಲಿಲ್ಲವೇ? ಹಾಗೆ ಉಳಿದವರ ಮಾತು ಸರಕಾರಕ್ಕೆ ಹೇಗೆ ಮುಟ್ಟಬೇಕೆಂಬುದೇ ನಮ್ಮ ಹುಡುಗಿಯ ಪ್ರಶ್ನೆ.

ನಮ್ಮ ಸಂವಿಧಾನ ಇದನ್ನು ಮೊದಲೇ ಯೋಚಿಸಿದೆ. 350ನೆಯ ವಿಧಿಯನ್ನು ನೀವು ಬಾಯಿಪಾಠ ಮಾಡಿದರೂ ನಷ್ಟವಿಲ್ಲ. ಯಾವುದೇ ಕುಂದುಕೊರತೆಯ ಪರಿಹಾರಕ್ಕಾಗಿ, ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂಬುದು ಅದರ ತಾತ್ಪರ್ಯ. 'ರಾಜ್ಯದ ಅಧಿಕೃತ ಭಾಷೆಯಲ್ಲಿ' ಎಂದು ಹೇಳಿಲ್ಲ, 'ಬಳಕೆಯಲ್ಲಿರುವ' ಎಂದಿದೆ. ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರವಿಗಳಲ್ಲಿ ಕನ್ನಡ ಬಳಕೆಯಲ್ಲಿದೆಯೆಂಬುದಕ್ಕೆ ಸಾಕ್ಷಿ ಬೇಕೇ? ಹೀಗಿರಲು, ಕನ್ನಡದ ಅರ್ಜಿಯನ್ನು ಭಾಷೆಯ ಕಾರಣದಿಂದ ತಳ್ಳಿಹಾಕುವಂತಿಲ್ಲ.

ಆದರೆ ಈ ವಿಧಿಯನ್ನು ಮತ್ತೊಮ್ಮೆ ನಿಧಾನವಾಗಿ ಓದಿರಿ. ಸಲ್ಲಿಸುವ ಹಕ್ಕನ್ನು ಹೇಳಿದೆ. ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂಬುದನ್ನು ಹೇಳಿಲ್ಲ. ನಾವು ಕನ್ನಡದಲ್ಲಿ ಕೇಳಬಹುದು, ಉತ್ತರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರಬಹುದು. ಅರ್ಧ ಬಾಗಿಲು ತೆರೆದಂತೆ. ಕಾಸರಗೋಡಿನವರು ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ಹೋದರು. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದೂ, ಅದಕ್ಕೆ ಉತ್ತರವೂ ಅದೇ ಭಾಷೆಯಲ್ಲಿ ಇರಬೇಕೆಂದೂ ಬರೆಯಲಾಯಿತು. ಉತ್ತರ ಬರೆಯಬೇಕಾದರೆ ಕನ್ನಡ ಬಲ್ಲ ಗುಮಾಸ್ತ ಕಚೇರಿಯಲ್ಲಿ ಇರಬೇಕಲ್ಲವೇ? ಆದ್ದರಿಂದ ಕನ್ನಡ ಬಲ್ಲವರಿಗೆಂದು ಅಲ್ಲಿ ಹುದ್ದೆಗಳೂ ಹುಟ್ಟಿದುವು. ಅವರ ಕಷ್ಟಗಳು ಅವರಿಗಿವೆ. ಆದರೂ ಒಂದು ಸಾಲು ಬರೆದಿಟ್ಟುದರಿಂದ ಎಷ್ಟು ಕೆಲಸವಾಗುತ್ತದೆಂಬುದಕ್ಕೆ ಇದು ಉದಾಹರಣೆ.

ಇನ್ನೂ ಒಂದು ತೊಡಕನ್ನು ಮುಚ್ಚಿಡಬಾರದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವಾಗ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಬೇಕೆಂದಿದೆ. 1966ರ ಕಾಯ್ದೆಯಂತೆ ನಮ್ಮ ರಾಜ್ಯದ ಅಧಿಕೃತ ಭಾಷೆ ತೆಲುಗು. ಆದ್ದರಿಂದ ದೂರು ಕೊಡುವುದಾದರೆ ಕನ್ನಡ ಸಾಕು. ಲೆಕ್ಕ ಕೇಳುವುದಾದರೆ ತೆಲುಗು ಬೇಕು! ಬರೆಯಲಾರದವರು ಬಾಯಿಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿಯು ನೆರವಾಗಬೇಕೆಂಬ ಮಾತೂ ಅದೇ ಕಾಯ್ದೆಯಲ್ಲಿದೆ. ಹಾಗೆಯೇ 1956ರಲ್ಲಿ ಕೇಂದ್ರ ಸರಕಾರ ರಾಜ್ಯಗಳಿಗೆ ಕಳಿಸಿದ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಪತ್ರದಲ್ಲಿ, ಒಂದು ತಾಲ್ಲೂಕಿನಲ್ಲೋ ಪುರಸಭೆಯಲ್ಲೋ ನೂರಕ್ಕೆ 15ರಿಂದ 20 ಮಂದಿ ಬೇರೆ ಭಾಷೆಯವರಿದ್ದರೆ, ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಅಚ್ಚುಮಾಡಿಸುವುದು ಒಳ್ಳೆಯದೆಂಬ ಸಲಹೆ ಇದೆ. ಅದೇ ವರ್ಷ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯಾಗಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂಬ 350-ಎ ವಿಧಿಯೂ, ಭಾಷಾ ಅಲ್ಪಸಂಖ್ಯಾತರಿಗೊಬ್ಬ ವಿಶೇಷ ಅಧಿಕಾರಿ ಇರಬೇಕೆಂಬ 350-ಬಿ ವಿಧಿಯೂ ಸೇರಿದುವು. ಸಲಹೆ ಸಲಹೆಯೇ, ಯಾರಾದರೂ ನೆನಪಿಸದಿದ್ದರೆ ಅದು ಕಪಾಟಿನಲ್ಲಿ ನಿದ್ದೆ ಮಾಡುತ್ತದೆ.

ಅರ್ಜಿಯ ಮಾತಾಯಿತು. ಅರ್ಜಿಯೆಂದರೆ ಒಬ್ಬನು ಮತ್ತೊಬ್ಬನನ್ನು ಬೇಡುವುದು. ಪ್ರಜಾಪ್ರಭುತ್ವದಲ್ಲಿ ಬೇಡುವುದಕ್ಕಿಂತ ದೊಡ್ಡದು ಸೇರಿ ತೀರ್ಮಾನಿಸುವುದು. ಅದರ ಜಾಗ ಗ್ರಾಮಸಭೆ.

1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿ, ಅಭಿವೃದ್ಧಿಯ ಕೆಲಸಗಳು ಜನರು ಆರಿಸಿದವರ ಕೈಗೆ ಬರಬೇಕೆಂದು ಹೇಳಿತು. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರಿನಲ್ಲಿ ಪಂಚಾಯತಿ ರಾಜ್ಯ ಪ್ರಾರಂಭವಾಯಿತು. ಅದೇ ವರ್ಷ ಆಂಧ್ರಪ್ರದೇಶವೂ ಅದನ್ನು ಅನುಸರಿಸಿತು. ನಮ್ಮ ರಾಜ್ಯ ಈ ದಾರಿಯಲ್ಲಿ ಮೊದಲಿನವರಲ್ಲೊಂದು ಎಂಬುದು ಹೆಮ್ಮೆಯ ಸಂಗತಿ. ಆದರೂ ಬಹಳ ಕಾಲ ಊರಿನ ನಿಜವಾದ ಪುಸ್ತಕ ಇದ್ದುದು ಕರಣಂ ಅಥವಾ ಶಾನುಭೋಗರ ಮನೆಯಲ್ಲಿ. ಹೊಲದ ಲೆಕ್ಕ ಅವರ ಕೈಬರಹದಲ್ಲಿ, ಅವರ ಪೆಟ್ಟಿಗೆಯಲ್ಲಿ. 1984ರಲ್ಲಿ ಆ ವಂಶಪಾರಂಪರ್ಯದ ಹುದ್ದೆಗಳನ್ನು ಎನ್. ಟಿ. ರಾಮರಾವ್ ಸರಕಾರ ರದ್ದುಮಾಡಿತು. ಮರುವರ್ಷ ತಾಲ್ಲೂಕುಗಳು ಹೋಗಿ ಮಂಡಲಗಳು ಬಂದುವು. ಕಚೇರಿ ಊರಿಗೆ ಹತ್ತಿರವಾಯಿತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಪಂಚಾಯತಿ ಬೇರೆ, ಗ್ರಾಮಸಭೆ ಬೇರೆ. ಮೊದಲನೆಯದು ನಾವು ಆರಿಸಿದವರು, ಎರಡನೆಯದು ನಾವೇ. ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯೂ ಇದೆ: ಕುಡಿಯುವ ನೀರು, ರಸ್ತೆ, ಶಾಲೆ, ಗ್ರಂಥಾಲಯ ಎಲ್ಲವೂ ಅದರಲ್ಲುಂಟು. 2019ರಲ್ಲಿ ಗ್ರಾಮ ಸಚಿವಾಲಯಗಳು ಬಂದು ಸಿಬ್ಬಂದಿ ಊರೊಳಗೇ ಕುಳಿತರು. 2024ರ ಆಗಸ್ಟ್ 23ರಂದು ರಾಜ್ಯದ 13,326 ಪಂಚಾಯತಿಗಳಲ್ಲಿಯೂ ಒಂದೇ ದಿನ ಗ್ರಾಮಸಭೆ ನಡೆಸಲಾಯಿತು.

ಇಷ್ಟೆಲ್ಲ ಇದ್ದರೂ ನಡೆಯುವುದು ಹೇಗೆಂಬುದಕ್ಕೆ ನನ್ನ ಮನೆಯ ಒಂದು ಕಥೆ ಹೇಳುತ್ತೇನೆ. ಊರಿನ ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಯಾರೋ ದೊಡ್ಡ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ನನ್ನ ತಾಯಿ ಕನ್ನಡ ನಾಲ್ಕನೆಯ ತರಗತಿ ಓದಿದವಳು. ತೆಲುಗು ಮಾತು ಬರುತ್ತದೆ, ಅಕ್ಷರ ಬಾರದು. "ಇಲ್ಲಿ ಒಂದು ಸಹಿ ಹಾಕಮ್ಮಾ" ಎಂದರು. ರೇಷನ್ನಿನ ಕೆಲಸವಿರಬೇಕೆಂದು ಆಕೆ ಅಂದವಾಗಿ ಕನ್ನಡದಲ್ಲಿ ಸಹಿ ಹಾಕಿದಳು. ಮುಂದೆ ನೀರಿನ ಟ್ಯಾಂಕು ನಮ್ಮ ಓಣಿಗೆ ದೂರವಾದ ಊರಿನ ಆ ತುದಿಯಲ್ಲಿ ಎದ್ದಿತು. ತಾಯಿ ಜಗಳಕ್ಕೆ ಹೋದಳು. ಪುಸ್ತಕ ತೆಗೆದು ತೋರಿಸಿದರು: ಗ್ರಾಮಸಭೆಯ ನಡವಳಿಕೆ, ಟ್ಯಾಂಕಿನ ಜಾಗಕ್ಕೆ ಸರ್ವಾನುಮತದ ಒಪ್ಪಿಗೆ, ಕೆಳಗೆ ಆಕೆಯದೇ ಸಹಿ. ತೆಲುಗಿನ ಸಾಲುಗಳ ನಡುವೆ ಕನ್ನಡದಲ್ಲಿದ್ದುದರಿಂದ ಅದು ದೂರದಿಂದಲೇ ಕಾಣುತ್ತಿತ್ತು. ಅಂದಿನಿಂದ ಆಕೆ ಯಾವ ಕಾಗದಕ್ಕೂ, ನನ್ನ ಪ್ರಗತಿ ಪತ್ರಕ್ಕೆ ಹಾಕುತ್ತಿದ್ದಷ್ಟು ಸಲೀಸಾಗಿ, ಸಹಿ ಹಾಕಿಲ್ಲ.

ಇದನ್ನು ಭಾಷೆಯ ತಪ್ಪೆಂದು ಹೇಳಿದರೆ ಸುಳ್ಳಾಗುತ್ತದೆ. ತೆಲುಗೇ ಬರುವ ಊರುಗಳಲ್ಲಿಯೂ ಪುಸ್ತಕ ಮನೆಮನೆ ತಿರುಗುವುದುಂಟು. ಆದರೆ ಓದಲು ಬಾರದ ಲಿಪಿ ಅಂಥ ಕೆಲಸವನ್ನು ಸುಲಭ ಮಾಡುತ್ತದೆ. ಸುಗ್ಗಿಯೂ ಹಾಗೆಯೇ. ನಮ್ಮ ಪಡುವಣ ಮಂಡಲಗಳಲ್ಲಿ 'ಸುಗ್ಗಿ' ಎಂದರೆ ಹಬ್ಬವಲ್ಲ. ಮಳೆ ಕೈಕೊಟ್ಟು ಕೆಲಸ ಮುಗಿದ ಮೇಲೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಮಕ್ಕಳುಮರಿ ಕಟ್ಟಿಕೊಂಡು ಗುಂಟೂರಿನ ಕಡೆಗೆ ಹೋಗುವುದು. ನಿಮ್ಮಲ್ಲಿ ಎಷ್ಟೋ ಮಂದಿಯ ಹಾಜರಿ ಪುಸ್ತಕ ಆ ತಿಂಗಳುಗಳಲ್ಲಿ ಖಾಲಿಯಿರುವುದು ನನಗೆ ಗೊತ್ತು. ಅರ್ಧ ಊರು ಸುಗ್ಗಿಯಲ್ಲಿರುವಾಗ ನಡೆದ ಗ್ರಾಮಸಭೆಯಲ್ಲಿ ಯಾರ ಮಾತು ಬರೆದಿರುತ್ತದೆ? ಊರಲ್ಲಿ ಉಳಿದವರದು. ಉಳಿಯಬಲ್ಲವರು ಯಾರೆಂಬುದು ನಿಮಗೆ ತಿಳಿದೇ ಇದೆ. ಸುಗ್ಗಿಗೆ ಹೋಗುವ ಮೊದಲು ಸಭೆ ಕರೆಯಿರೆಂದು ಕೇಳುವುದೂ ನ್ಯಾಯವಾದ ಕೋರಿಕೆಯೇ.

ಪುಸ್ತಕವನ್ನು ಗಟ್ಟಿಯಾಗಿ ಓದಿಸಿದರೆ ಏನಾಗುತ್ತದೆಂಬುದನ್ನೂ ಈ ರಾಜ್ಯವೇ ಕಂಡಿದೆ. ಉದ್ಯೋಗ ಖಾತರಿಯ ಲೆಕ್ಕವನ್ನು ಊರವರ ಮುಂದೆ ಓದಿ ತಾಳೆನೋಡುವ ಸಾಮಾಜಿಕ ತಪಾಸಣೆ 2006ರಲ್ಲಿ ನೆರೆಯ ಅನಂತಪುರ ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಹೆಸರು ಕರೆದು ಇಂತಿಷ್ಟು ದಿನ ಕೆಲಸ, ಇಂತಿಷ್ಟು ಕೂಲಿ ಎಂದು ಓದುವಾಗ, "ನಾನು ಆ ದಿನ ಕೆಲಸಕ್ಕೇ ಹೋಗಿಲ್ಲ" ಎಂದು ಕೂಲಿಯವನೇ ಎದ್ದು ಹೇಳಬಹುದು. ಆದರೆ ಓದಿದ್ದು ಅವನಿಗೆ ಅರ್ಥವಾಗಬೇಕು.

ಇನ್ನು ನಮ್ಮ ಶಾಲೆಯ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರಕಾರಿ ಶಾಲೆಗಳಲ್ಲಿ ಶಾಲಾ ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳು, ಒಟ್ಟು ಸದಸ್ಯರಲ್ಲಿ ಅರ್ಧ ಸ್ತ್ರೀಯರು. 2019ರ ನವೆಂಬರಿನಲ್ಲಿ ಸರಕಾರಿ ಶಾಲೆಗಳಲ್ಲಿ ಒಂದರಿಂದ ಆರನೆಯ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮವನ್ನೇ ಮಾಡಬೇಕೆಂಬ ಆದೇಶ ಹೊರಟಾಗ, ತೆಲುಗಿನವರೇ ನ್ಯಾಯಾಲಯಕ್ಕೆ ಹೋದರು. 2020ರ ಏಪ್ರಿಲ್ 15ರಂದು ಉಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಅವರ ವಾದದಿಂದ ನಮಗೂ ಉಪಕಾರವಾಯಿತು. ಆದರೆ ಮಾಧ್ಯಮವನ್ನು ಉಳಿಸುವುದು ನ್ಯಾಯಾಲಯವೊಂದೇ ಅಲ್ಲ. ಒಂದು ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಅವರ ಮಾತೃಭಾಷೆಯ ಶಿಕ್ಷಕನನ್ನು ಕೊಡಬೇಕೆಂದು 1949ರಲ್ಲಿಯೇ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. ಆ ಹತ್ತು ಮಕ್ಕಳನ್ನು ಹುಡುಕಿ ಹೆಸರು ಬರೆಸುವವರು ಯಾರು? ಕನ್ನಡ ಶಿಕ್ಷಕರ ಹುದ್ದೆ ಖಾಲಿಯಿದ್ದಾಗ ಸಮಿತಿಯಲ್ಲಿ ಠರಾವು ಬರೆಸುವವರು ಯಾರು? ಸಮಿತಿಯ ಸಭೆಗೆ ಬನ್ನಿರೆಂದರೆ "ನಮಗೇನು ತಿಳೀತದ ಸಾರ್, ನೀವೇ ಬರಕೊಳ್ರಿ" ಎನ್ನುವ ತಂದೆತಾಯಿಗಳೇ ಹೆಚ್ಚು. ನಾವು ಶಿಕ್ಷಕರೂ ಬರೆದುಕೊಂಡು ಸಹಿ ಹಾಕಿಸಿದ್ದುಂಟು. ನನ್ನ ತಾಯಿಯ ಸಹಿಯ ಕಥೆ ಹೇಳಿದ ಮೇಲೆ ಇದನ್ನೂ ಒಪ್ಪಿಕೊಳ್ಳಬೇಕು.

ಆ ಹುಡುಗಿಗೆ ನಾನು ಹೇಳಿದ ಉತ್ತರ ಹೀಗಿತ್ತು. ಅರ್ಜಿಯನ್ನು ಕನ್ನಡದಲ್ಲಿ ಬರೆ. ಅದು ನಿನ್ನ ಹಕ್ಕು. ಜೊತೆಗೆ ತೆಲುಗಿನಲ್ಲಿಯೂ ಒಂದು ಪ್ರತಿ ಬರೆ. ಅದು ನಿನ್ನ ಜಾಣತನ. ಎರಡರಲ್ಲಿಯೂ 350ನೆಯ ವಿಧಿಯನ್ನು ಹೆಸರಿಸು. ಮತದಾರರಾದ ದೊಡ್ಡವರಿಂದ, ಓದಿ ಹೇಳಿದ ಮೇಲೆಯೇ, ಸಹಿ ಹಾಕಿಸು. ಕೊಟ್ಟದ್ದಕ್ಕೆ ದಿನಾಂಕ ಹಾಕಿದ ಸ್ವೀಕೃತಿ ಚೀಟಿ ಪಡೆಯದೆ ಹಿಂದಿರುಗಬೇಡ.

ಅವಳು ಬರೆದಳು. ತೆಲುಗು ಪ್ರತಿಯಲ್ಲಿ ಎರಡು ಒತ್ತಕ್ಷರ ತಪ್ಪಿದ್ದುವು, ತಿದ್ದಿದೆ. ಹದಿನೇಳು ಮನೆಗಳ ಸಹಿ ಮತ್ತು ಹೆಬ್ಬೆಟ್ಟು ಬಿದ್ದುವು. ಅರ್ಜಿಯನ್ನು ಕೊಟ್ಟ ಮೇಲೆ ಅವರ ಊರಲ್ಲಿ ಗ್ರಾಮಸಭೆ ಕರೆದಾಗ ಅವಳ ಅಜ್ಜಿ ಹೋದಳು. ಮೊಮ್ಮಗಳು ಮಾತು ತಿರುಗಿಸಿ ಹೇಳಲು ಪಕ್ಕದಲ್ಲಿ ನಿಂತಳು. ನಾನೂ ಹೋಗಿ ಬೇವಿನ ಮರದ ಕೆಳಗೆ ಹಿಂದೆ ಕುಳಿತಿದ್ದೆ. ಅಜ್ಜಿ ಎದ್ದು, ಮೇಲಿನ ಓಣಿಗೆ ಎರಡು ವರ್ಷದಿಂದ ನೀರು ಏರುವುದಿಲ್ಲವೆಂದು ಕನ್ನಡದಲ್ಲಿಯೇ ಹೇಳಿದಳು. ಕಾರ್ಯದರ್ಶಿಗಳು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು, ತೆಲುಗಿನಲ್ಲಿ ಬರೆದುಕೊಂಡರು.

"ಬರಕೊಂಡಿದ್ದು ಒಂದಿಷ್ಟು ಓದಪ್ಪಾ" ಎಂದಳು ಅಜ್ಜಿ.

ಅವರು ಓದಿದರು. ಹುಡುಗಿ ಕೇಳಿ, "ಎರಡು ವರ್ಷ ಅನ್ನೋದು ಬಿಟ್ಟೈತಿ" ಎಂದಳು. ಅವರು ಪೆನ್ನು ತೆಗೆದು ಸಾಲಿನ ಮೇಲೆ ಅದನ್ನು ಸೇರಿಸಿದರು. ಅಜ್ಜಿ ಆಮೇಲೆ ಸಹಿ ಹಾಕಿದಳು.

ಈ ಲೇಖನ ಬರೆಯುವ ಹೊತ್ತಿಗೆ ಮೇಲಿನ ಓಣಿಗೆ ನೀರು ಏರಿಲ್ಲ. ಪೈಪು ಬದಲಾಯಿಸಬೇಕೆಂದು ಅಳತೆ ಮಾಡಿಕೊಂಡು ಹೋಗಿದ್ದಾರೆ. ಸ್ವೀಕೃತಿ ಚೀಟಿ ಹುಡುಗಿಯ ಕನ್ನಡ ನೋಟ್ ಪುಸ್ತಕದಲ್ಲಿ, ಅರ್ಜಿಯ ಪಾಠದ ಪುಟಕ್ಕೆ ಅಂಟಿಸಿದ್ದು, ಹಾಗೆಯೇ ಇದೆ.